ಪೇಟ ತೊಟ್ಟ ಬೊಂಬೆಯ ಹೊಟ್ಟೆಯಲ್ಲಿ ಯಾರಿದ್ದರು?

1827ರ ಮೇ ತಿಂಗಳು, ಬಿಸಿಲು ಕಾದ ಹೊತ್ತು. ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಇಬ್ಬರು ಹುಡುಗರು ಒಂದು ಮಾಡು ಹತ್ತಿ ಕೂತಿದ್ದರು. ಯಾಕೆ ಹತ್ತಿದ್ದರೆಂದು ಕೇಳಬೇಡಿ. ಮಾಡು ಇದ್ದಲ್ಲಿ ಹುಡುಗರು ಹತ್ತುತ್ತಾರೆ. ಕೆಳಗೆ ಮೆಲ್ಜೆಲ್ ಎಂಬ ಪ್ರದರ್ಶನಕಾರ ಆಗಷ್ಟೇ ಆಟ ಮುಗಿಸಿ ತನ್ನ ಹೆಸರುವಾಸಿ ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದ. ಸುತ್ತ ಯಾರೂ ಇಲ್ಲವೆಂದುಕೊಂಡು ಅದರ ಮೇಲ್ಮುಚ್ಚಳ ಎತ್ತಿದ. ಒಳಗಿನಿಂದ ಒಬ್ಬ ಮನುಷ್ಯ ಎದ್ದು ಬಂದ.

ಹುಡುಗರು ಸುಮ್ಮನಿರುತ್ತಾರೆಯೇ? ಸುದ್ದಿ ಊರಿಗೆ ಹರಡಿ ಪತ್ರಿಕೆಯಲ್ಲೂ ಅಚ್ಚಾಯಿತು. ತಮಾಷೆಯೆಂದರೆ, ನಂಬಿದವರು ಕಡಿಮೆ. ಟಿಕೆಟ್ ಮಾರಲು ಮೆಲ್ಜೆಲ್ ತಾನೇ ಹಬ್ಬಿಸಿದ ಗಾಳಿಮಾತು ಎಂದವರೂ ಇದ್ದರು. ಏಕೆಂದರೆ ಆ ಪೆಟ್ಟಿಗೆ ಅಷ್ಟರಲ್ಲಿ 57 ವರ್ಷಗಳಿಂದ ರಾಜರ, ಪಂಡಿತರ, ದೊಡ್ಡ ದೊಡ್ಡ ಆಟಗಾರರ ಎದುರು ಚದುರಂಗ ಆಡುತ್ತಲೇ ಬಂದಿತ್ತು. ಯೋಚಿಸುವ ಯಂತ್ರ ಎಂದು ಅಷ್ಟು ಮಂದಿ ಒಪ್ಪಿಕೊಂಡ ಮೇಲೆ ಇಬ್ಬರು ಪೋರರ ಮಾತನ್ನು ಯಾರು ಕೇಳುತ್ತಾರೆ?

ಕಂಪ್ಯೂಟರಿನ ಕಥೆಯನ್ನು ಸಾಮಾನ್ಯವಾಗಿ ಮಣಿಚೌಕಟ್ಟಿನಿಂದ ಶುರುಮಾಡುತ್ತಾರೆ. ನನಗೆ ಈ ಸುಳ್ಳು ಯಂತ್ರದಿಂದ ಶುರುಮಾಡುವುದೇ ಇಷ್ಟ. ಯಾಕೆಂದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಪೆಟ್ಟಿಗೆಯ ಕಥೆ ಶುರುವಾದದ್ದು ವಿಯೆನ್ನಾದಲ್ಲಿ. 1769ರಲ್ಲಿ ಅಲ್ಲಿನ ಅರಮನೆಗೆ ಫ್ರಾನ್ಸಿನ ಜಾದೂಗಾರನೊಬ್ಬ ಬಂದು ಮಹಾರಾಣಿ ಮಾರಿಯಾ ತೆರೇಸಾಳ ಎದುರು ಆಟ ತೋರಿಸಿದ. ನೋಡುತ್ತ ಕೂತಿದ್ದ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಅಧಿಕಾರಿ, ಇದಕ್ಕಿಂತ ಮಿಗಿಲಾದದ್ದನ್ನು ನಾನು ಮಾಡಬಲ್ಲೆ ಎಂದುಬಿಟ್ಟ. ಮಹಾರಾಣಿ ಆರು ತಿಂಗಳ ಗಡುವು ಕೊಟ್ಟಳು. 1770ರಲ್ಲಿ ಅವನು ತಂದದ್ದು ಗಾಲಿಯ ಮೇಲೆ ಉರುಳುವ ಮರದ ಪೆಟ್ಟಿಗೆ. ಅದರ ಹಿಂದೆ ಪೇಟ ಸುತ್ತಿ, ನಿಲುವಂಗಿ ತೊಟ್ಟು, ಎಡಗೈಯಲ್ಲಿ ಉದ್ದನೆಯ ಹೊಗೆಕೊಳವೆ ಹಿಡಿದ ಬೊಂಬೆ. ಜನ ಅದನ್ನು ‘ತುರ್ಕ’ ಎಂದೇ ಕರೆದರು.

ಆಟಕ್ಕೆ ಮೊದಲು ಕೆಂಪೆಲೆನ್ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಿದ್ದ. ಒಂದು ಕಡೆ ಗಡಿಯಾರದ ಒಳಗಿರುವಂಥ ಹಲ್ಲಿನ ಚಕ್ರಗಳು. ಹಿಂದಿನಿಂದ ಮೇಣದಬತ್ತಿ ಹಿಡಿದರೆ ಬೆಳಕು ಈಚೆಗೆ ಬರುತ್ತಿತ್ತು. ಒಳಗೆ ಯಾರೂ ಇರಲಾರರೆಂದು ಎಲ್ಲರಿಗೂ ಖಾತ್ರಿ. ಕೀಲಿ ತಿರುಗಿಸುತ್ತಿದ್ದಂತೆ ಚಕ್ರಗಳು ಕರಕರ ಎನ್ನುತ್ತಿದ್ದವು. ತುರ್ಕ ಎಡಗೈ ಎತ್ತಿ ಕಾಯಿ ನಡೆಸುತ್ತಿದ್ದ.

ಒಳಗಿದ್ದ ಆಟಗಾರ ಜಾರುವ ಪೀಠದ ಮೇಲೆ ಕೂತಿರುತ್ತಿದ್ದ. ಈ ಬಾಗಿಲು ತೆರೆದಾಗ ಆ ಕಡೆಗೆ, ಆ ಬಾಗಿಲು ತೆರೆದಾಗ ಈ ಕಡೆಗೆ ಸರಿಯುತ್ತಿದ್ದ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಒಳಗೊಂದು ಮೇಣದಬತ್ತಿ ಹಚ್ಚಿಕೊಳ್ಳುತ್ತಿದ್ದ. ಅದರ ಹೊಗೆ ಹೊರಗೆ ಹೋಗುತ್ತಿದ್ದದ್ದು ಬೊಂಬೆಯ ಪೇಟದ ಮೂಲಕ. ಯಾರಿಗೂ ವಾಸನೆ ಬಡಿಯದಿರಲಿ ಎಂದು ಹೊರಗೂ ದೀಪಗಳನ್ನು ಉರಿಸುತ್ತಿದ್ದರು. ಮೇಲಿನ ಕಾಯಿಗಳ ಬುಡದಲ್ಲಿ ಅಯಸ್ಕಾಂತ, ಹಲಗೆಯ ಅಡಿಯಲ್ಲಿ ಪ್ರತಿ ಮನೆಗೂ ಒಂದು ಲೋಹದ ಬಿಲ್ಲೆ. ಮೇಲೆ ಕಾಯಿ ಸರಿದರೆ ಕೆಳಗೆ ಬಿಲ್ಲೆ ಅಲುಗುತ್ತಿತ್ತು, ಒಳಗಿದ್ದವನಿಗೆ ನಡೆ ತಿಳಿಯುತ್ತಿತ್ತು. ಮೋಸವೇ ನಿಜ, ಆದರೆ ಎಷ್ಟು ಶ್ರಮದ ಮೋಸ!

ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದರೊಂದಿಗೆ ಆಡಿದ, 1809ರಲ್ಲಿ ವಿಯೆನ್ನಾದಲ್ಲಿ ನೆಪೋಲಿಯನ್ ಕೂಡ. ಕೆಂಪೆಲೆನ್ ಸತ್ತ ಮೇಲೆ ಪೆಟ್ಟಿಗೆಯನ್ನು ಕೊಂಡವನೇ ನಮ್ಮ ಮೆಲ್ಜೆಲ್.

ತುರ್ಕನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಖಾಲಿ ಹಲಗೆಯ ಮೇಲೆ ಯಾವುದೋ ಮನೆಯಲ್ಲಿ ಒಂದು ಕುದುರೆ ಇಡಿ. ಇಟ್ಟ ಮನೆಗೆ ಮತ್ತೆ ಕಾಲಿಡದಂತೆ ಅದು 64 ಮನೆಗಳನ್ನೂ ಸುತ್ತಿ ಬರಬೇಕು. ಕೂತು ಪ್ರಯತ್ನಿಸಿ ನೋಡಿ, ಐವತ್ತರ ಹತ್ತಿರ ಬಂದು ಸಿಕ್ಕಿಬೀಳುತ್ತೀರಿ. ತುರ್ಕ ಮಾತ್ರ ಯಾರು ಎಲ್ಲಿ ಇಟ್ಟರೂ ಸರಸರನೆ ಮುಗಿಸುತ್ತಿದ್ದ. ಈ ಕುದುರೆ ನಡೆ ನಮ್ಮ ನಾಡಿಗೆ ಹೊಸದಲ್ಲ. ಸಂಸ್ಕೃತ ಕವಿಗಳು ಅಕ್ಷರಗಳನ್ನು ಈ ದಾರಿಯಲ್ಲಿ ಹೂಡಿ ಶ್ಲೋಕ ಬರೆದಿದ್ದರು. ತುರ್ಕ ಅಮೆರಿಕದಲ್ಲಿ ಊರೂರು ಸುತ್ತುತ್ತಿದ್ದ ಕಾಲಕ್ಕೇ ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳ ದೊಡ್ಡ ರಸಿಕರಾಗಿದ್ದರು. ಹೊಸ ಹೊಸ ಆಟಗಳನ್ನು ಕಟ್ಟಿದರು, ಕುದುರೆಯ ಸುತ್ತುಗಳಲ್ಲೂ ಮುಳುಗಿದ್ದರು.

ಅರಸರು ತಲೆ ಕೆಡಿಸಿಕೊಂಡು ಹುಡುಕಿದರು. ತುರ್ಕನ ಒಳಗಿದ್ದವನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಅವನ ಬಳಿ ಮೊದಲೇ ಬರೆದಿಟ್ಟ ಒಂದು ನಕ್ಷೆ ಇದ್ದರೆ ಸಾಕಾಗಿತ್ತು. ಕೊನೆಯ ಮನೆಯಿಂದ ಮತ್ತೆ ಮೊದಲ ಮನೆಗೆ ಹಾರಲಾಗುವಂತೆ ಸುತ್ತನ್ನು ಕಟ್ಟಿದ್ದರೆ ಅದು ಜಪಮಾಲೆಯ ಹಾಗೆ. 64 ಮಣಿ, ಎಲ್ಲಿ ಹಿಡಿದು ಶುರುಮಾಡಿದರೂ ತಿರುಗಿ ಅಲ್ಲಿಗೇ ಬರುತ್ತೀರಿ. ಜನ ಬಾಯಿ ಬಿಟ್ಟು ನೋಡುತ್ತಿದ್ದ ಈ ಬುದ್ಧಿವಂತಿಕೆಗೆ ಬುದ್ಧಿಯೇ ಬೇಕಿರಲಿಲ್ಲ, ಪಟ್ಟಿ ಇದ್ದರೆ ಆಯಿತು. ಇದನ್ನು ನೆನಪಿನಲ್ಲಿಡಿ. ಪಟ್ಟಿ ಬರೆಯಲು ಒಮ್ಮೆ ಯಾರೋ ಯೋಚಿಸಿದ್ದರೆ ಸಾಕು, ನಡೆಸುವವರು ಯೋಚಿಸಬೇಕಿಲ್ಲ. ಈ ಬೊಂಬೆ ನಮ್ಮ ಕಥೆಗೆ ಬಂದದ್ದು ಅದಕ್ಕೇ.

ಸುಳ್ಳು ಯಂತ್ರ ನಿಜ ಯಂತ್ರಗಳನ್ನು ಹುಟ್ಟಿಸಿದ್ದು ಅದಕ್ಕಿಂತ ಸೋಜಿಗ. 1784ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಎಂಬ ಇಂಗ್ಲೆಂಡಿನ ಪಾದ್ರಿ ಗಿರಣಿಯವರೊಂದಿಗೆ ವಾದಕ್ಕಿಳಿದ. ಯಂತ್ರದಿಂದ ನೇಯುವುದು ಆಗದ ಮಾತು ಎಂದರು ಅವರು. ಆಗಷ್ಟೇ ಲಂಡನ್ನಿನಲ್ಲಿ ತುರ್ಕನ ಆಟ ನಡೆದಿತ್ತು. ಚದುರಂಗ ಆಡುವ ಯಂತ್ರ ಇರುವಾಗ ಬಟ್ಟೆ ನೇಯುವ ಯಂತ್ರ ಯಾಕಾಗದು ಎಂದ ಪಾದ್ರಿ, ಮರುವರ್ಷವೇ ಯಂತ್ರಮಗ್ಗಕ್ಕೆ ಹಕ್ಕುಪತ್ರ ಪಡೆದ. ಆವರೆಗೆ ಅವನು ಯಾರು ನೇಯುವುದನ್ನೂ ನೋಡಿರಲಿಲ್ಲವಂತೆ!

ಇನ್ನು ಇಪ್ಪತ್ತು ವರ್ಷಕ್ಕೆ ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಜಕಾರ್ಡ್ ಮಗ್ಗಕ್ಕೆ ರಟ್ಟಿನ ಪಟ್ಟಿ ತೊಡಿಸಿದ. ರಟ್ಟಿನಲ್ಲಿ ತೂತಿದ್ದರೆ ಕೊಕ್ಕೆ ದಾರವನ್ನು ಎತ್ತುತ್ತದೆ, ತೂತಿಲ್ಲದಿದ್ದರೆ ಎತ್ತುವುದಿಲ್ಲ. ಒಂದು ರಟ್ಟಿಗೆ ಹೂವಿನ ಒಂದು ಎಳೆ. ರಟ್ಟಿನ ಮಾಲೆ ಬದಲಿಸಿದರೆ ಅದೇ ಮಗ್ಗ ಹೂವಿನ ಬದಲು ನವಿಲು ನೇಯುತ್ತದೆ. ದೊಡ್ಡಬಳ್ಳಾಪುರದಲ್ಲೋ ಬೆಂಗಳೂರಿನ ಹಳೆಯ ಪೇಟೆಯಲ್ಲೋ ರೇಷ್ಮೆ ಮಗ್ಗದ ನೆತ್ತಿಯ ಮೇಲೆ ತೂತುತೂತಿನ ರಟ್ಟುಗಳು ತೂಗುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದೇ ಇದು. ಅಂಚಿನಲ್ಲಿ ಯಾವ ಹೂ ಬರಬೇಕೆಂದು ರಟ್ಟಿಗೆ ತೂತು ಹೊಡೆದವರಿಗೆ ಗೊತ್ತು, ಮಗ್ಗಕ್ಕೆ ಗೊತ್ತಿಲ್ಲ.

ಈಗ ಚಾರ್ಲ್ಸ್ ಬ್ಯಾಬೇಜ್ ಬರುತ್ತಾನೆ. ಲಂಡನ್ನಿನ ಸಿಡುಕು ಗಣಿತಜ್ಞ. ಬೀದಿ ಸಂಗೀತಗಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. 1820ರ ಸುಮಾರಿಗೆ ತುರ್ಕನೊಂದಿಗೆ ಎರಡು ಆಟ ಆಡಿ ಎರಡರಲ್ಲೂ ಸೋತ. ಒಳಗೆ ಯಾರೋ ಇದ್ದಾರೆಂಬ ಅನುಮಾನ ಅವನಿಗಿತ್ತು. ಆದರೂ, ನಿಜವಾಗಿಯೇ ಇಂಥದೊಂದು ಯಂತ್ರ ಸಾಧ್ಯವೇ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ.

ಅವನ ತಲೆನೋವು ಬೇರೆಯೇ ಇತ್ತು. ಆ ಕಾಲದಲ್ಲಿ ‘ಕಂಪ್ಯೂಟರ್’ ಎಂದರೆ ಮನುಷ್ಯ. ಕೂತು ಲೆಕ್ಕ ಮಾಡುವವನಿಗೆ ಆ ಹೆಸರು. ನಮ್ಮ ‘ಗಣಕ’ ಎಂಬ ಪದದ ಪಾಡೂ ಇದೇ. ಗ್ರಹಗತಿಯ ಲೆಕ್ಕ ಹಾಕುವವನನ್ನು ಹಿಂದೆ ಹಾಗೆನ್ನುತ್ತಿದ್ದರು, ಈಗ ಮೇಜಿನ ಮೇಲಿನ ಪೆಟ್ಟಿಗೆಯನ್ನು ಅನ್ನುತ್ತೇವೆ. ಹಡಗಿನವರು ಸಮುದ್ರದಲ್ಲಿ ದಾರಿ ಕಂಡುಕೊಳ್ಳುತ್ತಿದ್ದದ್ದು ಇಂಥ ಮನುಷ್ಯ-ಕಂಪ್ಯೂಟರ್‌ಗಳು ಬರೆದ ಅಂಕಿಗಳ ಕೋಷ್ಟಕ ನೋಡಿ. ಕೋಷ್ಟಕಗಳಲ್ಲಿ ತಪ್ಪುಗಳ ರಾಶಿ. 1821ರಲ್ಲಿ ಗೆಳೆಯ ಹರ್ಷಲ್ ಜೊತೆ ಕೂತು ಒಂದು ಕೋಷ್ಟಕ ತಿದ್ದುತ್ತಿದ್ದ ಬ್ಯಾಬೇಜ್ ಬೇಸತ್ತು, ಈ ಲೆಕ್ಕವನ್ನೆಲ್ಲ ಉಗಿಯಂತ್ರ ಮಾಡಬಾರದೇ ಎಂದನಂತೆ.

ಯಂತ್ರ ಲೆಕ್ಕ ಮಾಡುವುದು ಹೇಗೆ? 1, 4, 9, 16, 25 ಎಂದು ವರ್ಗಗಳನ್ನು ಬರೆದುಕೊಳ್ಳಿ. ಪಕ್ಕಪಕ್ಕದವುಗಳ ವ್ಯತ್ಯಾಸ 3, 5, 7, 9. ಆ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಅಂದರೆ ಮುಂದಿನ ವರ್ಗ ಬೇಕಾದರೆ 6ನ್ನು 6ರಿಂದ ಗುಣಿಸಬೇಕಿಲ್ಲ. 9ಕ್ಕೆ 2 ಸೇರಿಸಿ 11, ಅದನ್ನು 25ಕ್ಕೆ ಸೇರಿಸಿ 36. ಬರೀ ಕೂಡಿಸುವ ಕೆಲಸ. ಕೂಡಿಸುವುದನ್ನು ಹಲ್ಲಿನ ಚಕ್ರ ಮಾಡೀತು. ಬ್ಯಾಬೇಜ್ ಇದನ್ನೇ ‘ವ್ಯತ್ಯಾಸ ಯಂತ್ರ’ವಾಗಿ ಯೋಚಿಸಿದ. ಸರ್ಕಾರ 17,000 ಪೌಂಡಿಗೂ ಮಿಕ್ಕಿ ಸುರಿಯಿತು. ಯಂತ್ರ ಮುಗಿಯಲಿಲ್ಲ. ಕುಶಲಕರ್ಮಿಯೊಂದಿಗೆ ಜಗಳವಾಗಿ 1833ರಲ್ಲಿ ಕೆಲಸ ನಿಂತಿತು.

ಅದು ಮತ್ತೆ ಶುರುವಾಗದ್ದಕ್ಕೆ ಒಂದು ಕಾರಣ ಅವನೇ. ಆಮೇಲೆ ಅವನ ಮನಸ್ಸು ಇನ್ನೂ ದೊಡ್ಡ ಯಂತ್ರದ ಕಡೆ ಓಡಿತು. ಕೂಡುವುದಷ್ಟೇ ಅಲ್ಲ, ಹೇಳಿದ್ದನ್ನೆಲ್ಲ ಮಾಡುವ ಯಂತ್ರ. ಅದಕ್ಕೆ ‘ಗಿರಣಿ’ ಎಂಬ ಒಂದು ಭಾಗ, ‘ಉಗ್ರಾಣ’ ಎಂಬ ಇನ್ನೊಂದು. ಅಂಕಿಗಳು ಉಗ್ರಾಣದಲ್ಲಿ ಕಾದಿರುತ್ತವೆ, ಗಿರಣಿಗೆ ಬಂದು ಬೀಸಿಕೊಂಡು ಹೋಗುತ್ತವೆ. ಏನು ಬೀಸಬೇಕೆಂದು ಹೇಳುವವರು ಯಾರು? ಜಕಾರ್ಡನ ತೂತುರಟ್ಟು! ಜಕಾರ್ಡನ ಒಂದು ಚಿತ್ರ ಬ್ಯಾಬೇಜನ ಮನೆಯಲ್ಲಿತ್ತು. ನೋಡಿದವರು ಅಚ್ಚಿನ ಚಿತ್ರ ಎಂದುಕೊಳ್ಳುವಷ್ಟು ನವಿರು. ಅದು ಸುಮಾರು 24,000 ರಟ್ಟುಗಳ ಸೂಚನೆಯಂತೆ ನೇಯ್ದ ರೇಷ್ಮೆ. ಇಂದಿನ ಕಂಪ್ಯೂಟರಿನ ಒಡಲನ್ನು ಬಿಚ್ಚಿದರೂ ಕಾಣುವುದು ಗಿರಣಿ, ಉಗ್ರಾಣ, ಸೂಚನೆಗಳ ಪಟ್ಟಿ. ಹೆಸರು ಮಾತ್ರ ಬೇರೆ.

ಆ ಯಂತ್ರಕ್ಕೆ 1843ರಲ್ಲಿ ಲೆಕ್ಕದ ಸೂಚನೆಗಳನ್ನು ಅಚ್ಚುಕಟ್ಟಾಗಿ ಬರೆದು ಪ್ರಕಟಿಸಿದವಳು ಏಡಾ ಲವ್‌ಲೇಸ್, ಕವಿ ಬೈರನ್ನನ ಮಗಳು. ಅಂಕಿಗಳಷ್ಟೇ ಅಲ್ಲ, ಸ್ವರಗಳ ನಿಯಮ ಹೇಳಿಕೊಟ್ಟರೆ ಯಂತ್ರ ಸಂಗೀತವನ್ನೂ ಕಟ್ಟೀತು ಎಂದು ಊಹಿಸಿದವಳೂ ಅವಳೇ. ಆದರೆ ಒಂದು ಗೆರೆ ಎಳೆದಳು. ಈ ಯಂತ್ರ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ನಾವು ಹೇಳಬಲ್ಲದ್ದನ್ನಷ್ಟೇ ಮಾಡುತ್ತದೆ ಎಂದಳು. 37 ತುಂಬುವ ಮೊದಲೇ ತೀರಿಹೋದಳು. ಯಂತ್ರ ಕಾಗದದ ಮೇಲೆಯೇ ಉಳಿಯಿತು. ದುಡ್ಡು ಹೊಂದಿಸಲು ಬ್ಯಾಬೇಜ್ ಸೊನ್ನೆ-ಕತ್ತರಿ ಆಟ ಆಡುವ ಯಂತ್ರ ಮಾಡಿ ಪ್ರದರ್ಶನಕ್ಕಿಡಲೂ ಯೋಚಿಸಿದ್ದ. ಹಾಗೆ ಮಾಡಿದ್ದರೆ ಅವನೂ ಮೆಲ್ಜೆಲನ ದಾರಿ ಹಿಡಿದಂತಾಗುತ್ತಿತ್ತು.

ಇತ್ತ ಪೆಟ್ಟಿಗೆಯ ಕಥೆ ಮುಗಿಯುತ್ತ ಬಂದಿತ್ತು. 1836ರಲ್ಲಿ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಪತ್ತೇದಾರನ ಹಾಗೆ ತುರ್ಕನನ್ನು ಶೋಧಿಸಿ ಲೇಖನ ಬರೆದ. ಅವನ ಒಂದು ವಾದ ಕೇಳಿ: ಯಂತ್ರವಾಗಿದ್ದರೆ ಯಾವಾಗಲೂ ಗೆಲ್ಲಬೇಕಿತ್ತು, ಇದು ಆಗಾಗ ಸೋಲುತ್ತದೆ, ಆದ್ದರಿಂದ ಒಳಗೆ ಮನುಷ್ಯನಿದ್ದಾನೆ. ಉತ್ತರ ಸರಿ, ಲೆಕ್ಕ ತಪ್ಪು! 1838ರಲ್ಲಿ ಮೆಲ್ಜೆಲ್ ಹಡಗಿನಲ್ಲಿ ಸತ್ತ. 1854ರ ಜುಲೈ 5ರಂದು ಫಿಲಡೆಲ್ಫಿಯಾ ನಗರದ ಒಂದು ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ತುರ್ಕ ಸುಟ್ಟು ಬೂದಿಯಾದ. ಈ ಊರಿನ ಹೆಸರು ಮತ್ತೆ ಬರುತ್ತದೆ.

ಒಳಗೆ ಯಾರೂ ಇಲ್ಲದ, ನಿಜವಾಗಿ ಚದುರಂಗ ಆಡುವ ಯಂತ್ರ ಬಂದದ್ದು 1912ರಲ್ಲಿ. ಸ್ಪೇನಿನ ಟೊರೆಸ್ ಕೆವೆಡೊ ವಿದ್ಯುತ್ತಿನಿಂದ ಮಾಡಿದ್ದು. ರಾಜ ಮತ್ತು ಆನೆ ಇಟ್ಟುಕೊಂಡು ಎದುರಾಳಿಯ ಒಂಟಿ ರಾಜನನ್ನು ಕಟ್ಟಿಹಾಕುತ್ತಿತ್ತು, ಅಷ್ಟೇ. ನೀವು ತಪ್ಪು ನಡೆ ಇಟ್ಟರೆ ದೀಪ ಹತ್ತಿಸಿ ಗದರುತ್ತಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಮನುಷ್ಯ-ಕಂಪ್ಯೂಟರ್‌ಗಳ ಕೆಲಸ ಬಹುಪಾಲು ಹೆಂಗಸರ ಕೈಗೆ ಬಂದಿತ್ತು. ಫಿಲಡೆಲ್ಫಿಯಾದಲ್ಲಿ ಗಣಿತ ಓದಿದ ಹೆಣ್ಣುಮಕ್ಕಳು ಸಾಲಾಗಿ ಕೂತು, ಫಿರಂಗಿಯ ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದರು. ಒಂದು ಗುಂಡಿನ ದಾರಿಗೆ ಒಬ್ಬರಿಗೆ 30 ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ಅದೇ ಊರಿನಲ್ಲಿ 1946ರ ಫೆಬ್ರವರಿಯಲ್ಲಿ ಎನಿಯಾಕ್ ಎಂಬ ಯಂತ್ರದ ಅನಾವರಣವಾಯಿತು. 30 ಟನ್ ತೂಕ, ಸುಮಾರು 18,000 ನಿರ್ವಾತ ನಳಿಗೆಗಳು, ಸೆಕೆಂಡಿಗೆ 5,000 ಕೂಡಿಕೆ. ಗುಂಡು ನೆಲ ಮುಟ್ಟುವ ಮೊದಲೇ ಅದರ ದಾರಿಯ ಲೆಕ್ಕ ಮುಗಿದಿರುತ್ತಿತ್ತು. ಯಂತ್ರಕ್ಕೆ ಲೆಕ್ಕ ಕಲಿಸಿದವರು ಆರು ಮಂದಿ ಹೆಂಗಸರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ನಿನ್ನೆಯವರೆಗೆ ಅವರೇ ಕಂಪ್ಯೂಟರ್‌ಗಳಾಗಿದ್ದರು, ಇಂದು ಆ ಹೆಸರನ್ನು ಯಂತ್ರಕ್ಕೆ ಬಿಟ್ಟುಕೊಟ್ಟರು. ಅನಾವರಣದ ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ. ಪೆಟ್ಟಿಗೆಯ ಒಳಗಿನವರನ್ನು ಊಟಕ್ಕೆ ಯಾರು ಕರೆಯುತ್ತಾರೆ?

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಇದ್ದ. ಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಒಡೆದ ತಂಡದವನು. 1948ರಲ್ಲಿ ಗೆಳೆಯ ಚಾಂಪರ್ನೌನ್ ಜೊತೆ ಚದುರಂಗ ಆಡುವ ಸೂಚನೆಗಳನ್ನು ಬರೆದ. ಮಂತ್ರಿಗೆ ಇಷ್ಟು ಬೆಲೆ, ಆನೆಗೆ ಇಷ್ಟು, ಈ ನಡೆ ಇಟ್ಟರೆ ಎಷ್ಟು ಲಾಭ, ಎದುರಿನವನು ಹೀಗೆ ಆಡಿದರೆ ಎಷ್ಟು ನಷ್ಟ ಎಂದು. ಆದರೆ ಅದನ್ನು ನಡೆಸಬಲ್ಲ ಕಂಪ್ಯೂಟರ್ ಆಗ ಎಲ್ಲೂ ಇರಲಿಲ್ಲ. ಟ್ಯೂರಿಂಗ್ ಏನು ಮಾಡಿದ? ತಾನೇ ಯಂತ್ರವಾದ. 1952ರಲ್ಲಿ ಅಲಿಕ್ ಗ್ಲೆನಿ ಎಂಬವನ ಎದುರು ಕೂತು, ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ಕಾಗದದ ಮೇಲೆ ಲೆಕ್ಕ ಹಾಕಿ, ಸೂಚನೆ ಏನು ಹೇಳುತ್ತದೋ ಅದನ್ನೇ ಆಡಿದ. ತನಗೆ ಒಳ್ಳೆಯ ನಡೆ ಕಣ್ಣಿಗೆ ಕಂಡರೂ ಆಡುವಂತಿಲ್ಲ. 29 ನಡೆಗಳಲ್ಲಿ ಕಾಗದದ ಯಂತ್ರ ಸೋತಿತು. ತುರ್ಕನ ಒಳಗಿದ್ದವನು ಯಂತ್ರದ ವೇಷ ತೊಟ್ಟ ಆಟಗಾರ. ಟ್ಯೂರಿಂಗ್ ಮಾಡಿದ್ದು ಅದಕ್ಕೆ ತಿರುವುಮುರುವು, ಆಟ ಬಲ್ಲ ಮನುಷ್ಯ ಆಟ ಮರೆತು ಪಟ್ಟಿ ಓದಿದ.

ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು 1950ರಲ್ಲಿ ಎತ್ತಿಕೊಂಡು ಅವನೊಂದು ಲೇಖನ ಬರೆದಿದ್ದ. ಅದರಲ್ಲಿ ಏಡಾಳ ಹೆಸರು ಹೇಳಿಯೇ ಅವಳ ಗೆರೆಯನ್ನು ಪ್ರಶ್ನಿಸಿದ. ನಾನು ಬರೆದ ಸೂಚನೆಗಳನ್ನೇ ನಡೆಸುವ ಯಂತ್ರ ನನ್ನನ್ನೇ ಆಗಾಗ ಅಚ್ಚರಿಗೊಳಿಸುತ್ತದಲ್ಲ ಎಂಬುದು ಅವನ ಉತ್ತರ. ಅದೇ ವರ್ಷ ಅಮೆರಿಕದ ಕ್ಲಾಡ್ ಶ್ಯಾನನ್, ಚದುರಂಗದಲ್ಲಿ ಸಾಧ್ಯವಿರುವ ಆಟಗಳನ್ನು ಎಣಿಸಹೊರಟು 1ರ ಮುಂದೆ 120 ಸೊನ್ನೆ ಇಟ್ಟ. ಎಲ್ಲವನ್ನೂ ನೋಡಿ ಮುಗಿಸುವುದು ಯಾವ ಯಂತ್ರಕ್ಕೂ ಆಗದು. ಕುದುರೆಯ ಸುತ್ತಿಗೆ ಪಟ್ಟಿ ಬರೆದಿಡಬಹುದು, ಚದುರಂಗಕ್ಕೆ ಬರೆದಿಡಲಾಗದು. ಯಾವ ದಾರಿಯನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಬೇಕು.

ಮನುಷ್ಯ-ಗಣಕರು ಪೂರ್ತಿ ಸೋತಿದ್ದರೆಂದು ತಿಳಿಯಬೇಡಿ. ಬೆಂಗಳೂರಿನಲ್ಲಿ ಹುಟ್ಟಿದ, ಸರ್ಕಸ್ ಕಲಾವಿದನ ಮಗಳು ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಯುನಿವ್ಯಾಕ್ ಕಂಪ್ಯೂಟರಿಗೆ ಅದೇ ಲೆಕ್ಕಕ್ಕೆ 62 ಸೆಕೆಂಡು ಹಿಡಿಯಿತು. ಆಮೇಲಿನ ಯಂತ್ರಗಳ ಓಟದ ಮುಂದೆ ಅಂಥ ಪಂದ್ಯ ಕಟ್ಟುವವರೇ ಇಲ್ಲವಾದರು.

ಚದುರಂಗ ಮಾತ್ರ ಇನ್ನೂ ಉಳಿದಿತ್ತು. ಎನಿಯಾಕ್‌ಗೆ 50 ತುಂಬಿದ 1996ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರದೆದುರು ಕೂತ. ಎಲ್ಲಿ ಗೊತ್ತೇ? ಫಿಲಡೆಲ್ಫಿಯಾದಲ್ಲಿ, ತುರ್ಕ ಬೂದಿಯಾದ ಅದೇ ಊರಿನಲ್ಲಿ. ಮೊದಲ ಆಟ ಸೋತರೂ 4-2ರಿಂದ ಪಂದ್ಯ ಗೆದ್ದ. ಮರುವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಗಗನಚುಂಬಿಯೊಂದರ 35ನೇ ಮಹಡಿಯಲ್ಲಿ ಮತ್ತೆ ಪಂದ್ಯ. ಡೀಪ್ ಬ್ಲೂ ಈಗ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತೂಗಿ ನೋಡುತ್ತಿತ್ತು.

ಎರಡನೇ ಆಟದಲ್ಲಿ ಒಂದು ವಿಚಿತ್ರ ನಡೆಯಿತು. ಯಂತ್ರಗಳು ಸುಲಭವಾಗಿ ಸಿಗುವ ಕಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತವೆ ಎಂದು ಕಾಸ್ಪರೋವ್ ಎಣಿಸಿದ್ದ. ಡೀಪ್ ಬ್ಲೂ ಆಸೆಗೆ ಬೀಳಲಿಲ್ಲ. ತಾಳ್ಮೆಯಿಂದ, ಅನುಭವಿ ಆಟಗಾರನ ಹಾಗೆ ಹಗ್ಗ ಬಿಗಿ ಮಾಡಿತು. ಕಾಸ್ಪರೋವ್ ಎದೆಗುಂದಿ ಸೋಲೊಪ್ಪಿದ. ಇನ್ನೂ ಹುಡುಕಿದ್ದರೆ ಆಟವನ್ನು ಸಮ ಮಾಡಿಕೊಳ್ಳುವ ದಾರಿ ಇತ್ತೆಂದು ಮರುದಿನ ಗೊತ್ತಾಯಿತು. ಅವನಿಗೆ ಬಂದ ಅನುಮಾನ ಏನು? ಒಳಗೆ ಯಾರೋ ಮನುಷ್ಯ ಕೈಯಾಡಿಸಿದ್ದಾನೆ ಎಂದು! ಯಂತ್ರದ ಲೆಕ್ಕದ ದಾಖಲೆ ತೋರಿಸಿ ಎಂದು ಕೇಳಿದ. ಆಟದ ನಡುವೆ ಯಾರೂ ಕೈಹಾಕಿಲ್ಲ ಎಂದಿತು ಕಂಪನಿ, ದಾಖಲೆಗಳನ್ನು ಆಮೇಲೆ ಪ್ರಕಟಿಸಿತು. ಬಾಲ್ಟಿಮೋರಿನ ಹುಡುಗರು ಕಣ್ಣಾರೆ ಕಂಡು ಹೇಳಿದಾಗ ಜನ ನಂಬಿರಲಿಲ್ಲ. ಈಗ ಜಗತ್ತಿನ ಅತಿ ದೊಡ್ಡ ಆಟಗಾರನೇ ಪೆಟ್ಟಿಗೆಯ ಬಾಗಿಲು ತಟ್ಟಿ ಒಳಗೆ ಯಾರು ಎಂದು ಕೇಳುತ್ತಿದ್ದ.

ಆರನೇ ಆಟ 19 ನಡೆಗಳಲ್ಲಿ ಮುಗಿಯಿತು. ಡೀಪ್ ಬ್ಲೂ ಮೂರೂವರೆ, ಕಾಸ್ಪರೋವ್ ಎರಡೂವರೆ.

ಆ ಯಂತ್ರಕ್ಕೆ ಕೈ ಇರಲಿಲ್ಲ. ಕಪ್ಪು ಕಪಾಟುಗಳು ಎಲ್ಲೋ ಪಕ್ಕದ ಕೋಣೆಯಲ್ಲಿ ಗುಂಯ್‌ಗುಡುತ್ತಿದ್ದವು. ಕಾಸ್ಪರೋವನ ಎದುರಿನ ಕುರ್ಚಿಯಲ್ಲಿ ಅದನ್ನು ಕಟ್ಟಿದ ತಂಡದವನೊಬ್ಬ ಸರದಿಯಂತೆ ಬಂದು ಕೂರುತ್ತಿದ್ದ. ಎದುರಾಳಿಯ ನಡೆಯನ್ನು ಕೀಲಿಮಣೆಯಲ್ಲಿ ಒತ್ತುತ್ತಿದ್ದ. ಪರದೆಯ ಮೇಲೆ ಉತ್ತರ ಮೂಡುವವರೆಗೆ ಕಾಯುತ್ತಿದ್ದ. ಆಮೇಲೆ ಮುಖದಲ್ಲಿ ಏನೂ ತೋರಿಸದೆ, ಬೊಂಬೆಯ ಹಾಗೆ ಕೈ ಎತ್ತಿ ಕಾಯಿಯನ್ನು ಮುಂದಿನ ಮನೆಗೆ ಇಡುತ್ತಿದ್ದ.